ಅಮ್ಮನ ಮೂರು ಸ್ಟ್ರಿಪ್ ಮಾತ್ರೆ: ಔಷಧಕ್ಕೆ ಬೆಲೆ ಕಟ್ಟುವವರು ಯಾರು?

ಹೋದ ತಿಂಗಳು ಅಮ್ಮನ ಮಾತ್ರೆ ತರಲು ಮನೆ ಹತ್ತಿರದ ಮೆಡಿಕಲ್ ಶಾಪ್‌ಗೆ ಹೋಗಿದ್ದೆ. ಚೀಟಿಯಲ್ಲಿ ಇದ್ದದ್ದು ಮೂರೇ ಮೂರು. ಒಂದು ಬಿಪಿಗೆ, ಒಂದು ಶುಗರ್‌ಗೆ, ಇನ್ನೊಂದು ನರಕ್ಕೆ ಶಕ್ತಿ ಬರಲಿ ಅಂತ ಬರೆದ ವಿಟಮಿನ್. ತಿಂಗಳಿಗೆ ಬಿಲ್ 1,260 ರೂಪಾಯಿ. ಅದರಲ್ಲಿ ಬಿಪಿ ಮಾತ್ರೆಗೆ ಬಿದ್ದದ್ದು 220. ಶುಗರ್‌ದು 420. ಮಿಕ್ಕ 620 ವಿಟಮಿನ್‌ಗೆ! ಬಿಪಿ ಮಾತ್ರೆ ಬಿಟ್ಟರೆ ಅಮ್ಮನಿಗೆ ತೊಂದರೆ ಆಗುತ್ತದೆ, ವಿಟಮಿನ್ ಬಿಟ್ಟರೆ ಬಹುಶಃ ಏನೂ ಆಗುವುದಿಲ್ಲ. ಆದರೂ ಅರ್ಧ ದುಡ್ಡು ಅದಕ್ಕೇ ಹೋಯಿತು.

ಮನೆಗೆ ಬಂದು ಮೂರೂ ಸ್ಟ್ರಿಪ್ ಟೇಬಲ್ ಮೇಲೆ ಇಟ್ಟುಕೊಂಡು ಹಿಂದಿನ ಸಣ್ಣ ಅಕ್ಷರ ಓದಿದೆ. ಮೂರಕ್ಕೂ ಎಂಆರ್‌ಪಿ ಇದೆ, ಮೂರರಲ್ಲೂ ‘ಎಲ್ಲಾ ತೆರಿಗೆ ಸೇರಿ’ ಅಂತ ಇದೆ. ನೋಡಲು ಮೂರೂ ಒಂದೇ. ಆದರೆ ಆ ಬೆಲೆ ಹೇಗೆ ಬಂತು ಅಂತ ಕೇಳಿದರೆ ಮೂರಕ್ಕೂ ಬೇರೆ ಬೇರೆ ಕತೆ ಇದೆ. ಒಂದರ ಬೆಲೆಗೆ ಸರ್ಕಾರ ಮಿತಿ ಹಾಕಿದೆ. ಎರಡನೆಯದನ್ನು ಸರ್ಕಾರ ದೂರದಿಂದ ನೋಡುತ್ತದೆ. ಮೂರನೆಯದು ಕಾನೂನಿನ ಲೆಕ್ಕದಲ್ಲಿ ಔಷಧವೇ ಅಲ್ಲ. ನಮ್ಮ ದೇಶದ ಔಷಧ ಬೆಲೆ ನಿಯಂತ್ರಣ ಅರ್ಥವಾಗಬೇಕಾದರೆ ಈ ಮೂರು ಸ್ಟ್ರಿಪ್ ಸಾಕು.

ಮೊದಲು ಬಿಪಿ ಮಾತ್ರೆ, ಟೆಲ್ಮಿಸಾರ್ಟನ್ 40 ಮಿಲಿಗ್ರಾಂ. ಇದು ‘ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿ’ಯಲ್ಲಿದೆ. ಪಟ್ಟಿ ಮಾಡುವುದು ಕೇಂದ್ರ ಆರೋಗ್ಯ ಸಚಿವಾಲಯ. 2011ರಲ್ಲಿ 348 ಔಷಧ ಇದ್ದವು, 2015ರಲ್ಲಿ 376, 2022ರಲ್ಲಿ 384. ಈ ಪಟ್ಟಿಗೆ ಬಂದ ಔಷಧಕ್ಕೆ ಗರಿಷ್ಠ ಬೆಲೆ ಹಾಕುವುದು ಮಾತ್ರ ಬೇರೆಯವರು. ಅದು ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ, ಎಲ್ಲರೂ ಕರೆಯುವ ಹಾಗೆ ಎನ್‌ಪಿಪಿಎ. 1997ರಲ್ಲಿ ಶುರುವಾದ ಈ ಸಂಸ್ಥೆ ಇರುವುದು ಆರೋಗ್ಯ ಸಚಿವಾಲಯದ ಕೆಳಗಲ್ಲ, ರಾಸಾಯನಿಕ ಮತ್ತು ರಸಗೊಬ್ಬರ ಸಚಿವಾಲಯದ ಕೆಳಗೆ. ಔಷಧ ಉದ್ಯಮ ಬೆಳೆಸುವ ಜವಾಬ್ದಾರಿಯೂ ಅದೇ ಸಚಿವಾಲಯದ್ದು. ಉದ್ಯಮ ಬೆಳೆಸಬೇಕಾದವರೇ ಅದರ ಲಾಭಕ್ಕೂ ಮಿತಿ ಹಾಕಬೇಕು. ಇದು ಕಷ್ಟದ ಕೆಲಸ ಅಲ್ವಾ?

ಈಗ ಲೆಕ್ಕಕ್ಕೆ ಬರೋಣ. ಸದ್ಯ ನಡೆಯುತ್ತಿರುವುದು 2013ರ ಔಷಧ ಬೆಲೆ ನಿಯಂತ್ರಣ ಆದೇಶ. ಒಂದು ಔಷಧವನ್ನು ಹತ್ತಾರು ಕಂಪನಿ ಬೇರೆ ಬೇರೆ ಹೆಸರಲ್ಲಿ ಮಾರುತ್ತವೆ. ಅವುಗಳಲ್ಲಿ ಮಾರುಕಟ್ಟೆಯಲ್ಲಿ ಕನಿಷ್ಠ 1 ಪ್ರತಿಶತ ಪಾಲು ಇರುವ ಬ್ರ್ಯಾಂಡ್‌ಗಳನ್ನು ತೆಗೆದುಕೊಳ್ಳುತ್ತಾರೆ. ಅವು ಅಂಗಡಿಯವನಿಗೆ ಸಿಗುವ ಬೆಲೆಯ ಸರಾಸರಿ ತೆಗೆಯುತ್ತಾರೆ. ಅದಕ್ಕೆ ಅಂಗಡಿಯವನ ಲಾಭ ಅಂತ 16 ಪ್ರತಿಶತ ಸೇರಿಸುತ್ತಾರೆ. ಅದೇ ಗರಿಷ್ಠ ಬೆಲೆ. ಜಿಎಸ್‌ಟಿ ಅದರ ಮೇಲೆ.

ಒಂದು ಉದಾಹರಣೆ ಹಾಕಿ ನೋಡಿ. ಲೆಕ್ಕ ಸುಲಭ ಆಗಲಿ ಅಂತ ಮೂರೇ ಬ್ರ್ಯಾಂಡ್ ಅಂದುಕೊಳ್ಳೋಣ. ಒಂದು ಸ್ಟ್ರಿಪ್ಪಿಗೆ 10 ರೂಪಾಯಿ, ಇನ್ನೊಂದಕ್ಕೆ 12, ಮತ್ತೊಂದಕ್ಕೆ 38. ಒಟ್ಟು 60, ಸರಾಸರಿ 20. 16 ಪ್ರತಿಶತ ಸೇರಿಸಿದರೆ 23 ರೂಪಾಯಿ 20 ಪೈಸೆ. 38 ರೂಪಾಯಿಯವನು ಇಳಿಸಲೇಬೇಕು, ಅಷ್ಟರ ಮಟ್ಟಿಗೆ ನಮಗೆ ಉಪಕಾರ ಆಯಿತು. ಆದರೆ 10 ರೂಪಾಯಿಗೆ ಕೊಟ್ಟರೂ ಒಬ್ಬ ಕಂಪನಿಯವನಿಗೆ ಲಾಭ ಬರುತ್ತಿದೆ, ಇಲ್ಲದಿದ್ದರೆ ಅವನು ಮಾರುತ್ತಲೇ ಇರಲಿಲ್ಲ. ಹಾಗಾದರೆ 23 ಯಾವ ಲೆಕ್ಕದಲ್ಲಿ ನ್ಯಾಯದ ಬೆಲೆ? ಆ ಮಾತ್ರೆ ಮಾಡಲು ನಿಜವಾಗಿ ಎಷ್ಟು ಖರ್ಚಾಗುತ್ತದೆ ಅಂತ ಈ ಸೂತ್ರ ಕೇಳುವುದೇ ಇಲ್ಲ. ಮಾರುಕಟ್ಟೆಯಲ್ಲಿ ಆಗಲೇ ಇದ್ದ ಬೆಲೆಯನ್ನೇ ಅಳೆದು, ಅದಕ್ಕೇ ಸೀಲು ಹಾಕುತ್ತದೆ.

ಮೊದಲು ಹೀಗಿರಲಿಲ್ಲ. 1995ರ ಆದೇಶದಲ್ಲಿ ಕಂಪನಿಯ ಖರ್ಚು ನೋಡಿ, ಅದರ ಮೇಲೆ ಗರಿಷ್ಠ 100 ಪ್ರತಿಶತ ಅಂಚು ಬಿಟ್ಟು ಬೆಲೆ ಕಟ್ಟುತ್ತಿದ್ದರು. ಸಾಗಣೆ, ಪ್ರಚಾರ, ಅಂಗಡಿಯವನ ಪಾಲು, ಲಾಭ ಎಲ್ಲಾ ಆ ನೂರರೊಳಗೇ ಬರಬೇಕು. ಕಂಪನಿಗಳು ಖರ್ಚಿನ ಲೆಕ್ಕ ಸರಿಯಾಗಿ ಕೊಡುತ್ತಿರಲಿಲ್ಲ, ಕೋರ್ಟಿಗೆ ಹೋಗುತ್ತಿದ್ದವು, ಜಗಳ ಮುಗಿಯುತ್ತಿರಲಿಲ್ಲ. ಅದೂ ನಿಜ. ಆದರೆ ಆ ವ್ಯವಸ್ಥೆಯ ದೊಡ್ಡ ತೊಂದರೆ ಸೂತ್ರದ್ದಲ್ಲ, ಪಟ್ಟಿಯದ್ದು. ನಿಯಂತ್ರಣದಲ್ಲಿದ್ದ ಔಷಧಗಳ ಸಂಖ್ಯೆ 1979ರಲ್ಲಿ 347 ಇತ್ತು, 1987ರಲ್ಲಿ 142ಕ್ಕೆ ಇಳಿಯಿತು, 1995ರಲ್ಲಿ 74ಕ್ಕೆ ಬಂತು.

ಇಲ್ಲೇ ನಮ್ಮ ಕರ್ನಾಟಕದ ಒಂದು ಪಾತ್ರ ಬರುತ್ತದೆ, ಎಷ್ಟೋ ಜನರಿಗೆ ಗೊತ್ತಿಲ್ಲ. 2002ರಲ್ಲಿ ಕೇಂದ್ರ ಸರ್ಕಾರ ಹೊಸ ಔಷಧ ನೀತಿ ತಂದು ಆ 74ನ್ನೂ ಇನ್ನಷ್ಟು ಕಡಿಮೆ ಮಾಡಲು ಹೊರಟಿತು. ಅದನ್ನು ಪ್ರಶ್ನಿಸಿದ ಅರ್ಜಿ ಕರ್ನಾಟಕ ಹೈಕೋರ್ಟ್ ಮುಂದೆ ಬಂತು. 2002ರ ನವೆಂಬರ್‌ನಲ್ಲಿ ಹೈಕೋರ್ಟ್ ಆ ನೀತಿಗೆ ತಡೆ ಕೊಟ್ಟಿತು. ಕೇಂದ್ರ ಸುಪ್ರೀಂ ಕೋರ್ಟಿಗೆ ಹೋಯಿತು. 2003ರ ಮಾರ್ಚ್ 10ರಂದು ಸುಪ್ರೀಂ ಕೋರ್ಟ್ ಆ ತಡೆಯನ್ನು ತೆರವು ಮಾಡಿತು, ಆದರೆ ಅದರ ಜೊತೆಗೇ ಅಗತ್ಯ ಮತ್ತು ಜೀವ ಉಳಿಸುವ ಔಷಧಗಳು ಬೆಲೆ ನಿಯಂತ್ರಣದಿಂದ ಹೊರಗೆ ಹೋಗದ ಹಾಗೆ ನೋಡಿಕೊಳ್ಳಿ ಅಂತ ಸರ್ಕಾರಕ್ಕೆ ಹೇಳಿತು. ಆ ಒಂದು ಸಾಲಿನ ಬಲದ ಮೇಲೆ ಸಂಘಟನೆಗಳು ವರ್ಷಗಟ್ಟಲೆ ಸುಪ್ರೀಂ ಕೋರ್ಟಿನಲ್ಲಿ ಕೇಸು ನಡೆಸಿದವು. ಕೊನೆಗೆ 2012ರ ಡಿಸೆಂಬರ್‌ನಲ್ಲಿ ಹೊಸ ನೀತಿ ಬಂತು, 2013ರ ಮೇನಲ್ಲಿ ಹೊಸ ಆದೇಶ ಬಂತು, 348 ಔಷಧಗಳ ಪಟ್ಟಿ ಪೂರ್ತಿ ನಿಯಂತ್ರಣಕ್ಕೆ ಬಂತು. ಅಮ್ಮನ ಬಿಪಿ ಮಾತ್ರೆಗೆ ಇವತ್ತು ಗರಿಷ್ಠ ಬೆಲೆ ಅಂತ ಒಂದು ಇದೆ ಅಂದರೆ ಅದರ ಹಿಂದೆ ಬೆಂಗಳೂರಿನ ಆ ತಡೆಯಾಜ್ಞೆಯೂ ಇದೆ. ಆದರೆ ಪಟ್ಟಿ ದೊಡ್ಡದು ಮಾಡುವಾಗ ಸರ್ಕಾರ ಖರ್ಚಿನ ಸೂತ್ರ ಬಿಟ್ಟು ಸರಾಸರಿ ಸೂತ್ರ ಹಿಡಿಯಿತು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ.

ಗರಿಷ್ಠ ಬೆಲೆಯೂ ಒಂದೇ ಕಡೆ ನಿಲ್ಲುವುದಿಲ್ಲ. ಪ್ರತಿ ವರ್ಷ ಏಪ್ರಿಲ್‌ನಲ್ಲಿ ಸಗಟು ಬೆಲೆ ಸೂಚ್ಯಂಕ ನೋಡಿ ಅಷ್ಟು ಏರಿಸಲು ಬಿಡುತ್ತಾರೆ. 2022ರಲ್ಲಿ 10.77 ಪ್ರತಿಶತ ಏರಿತು, 2023ರಲ್ಲಿ 12.12. ಎರಡೇ ವರ್ಷದಲ್ಲಿ 24 ಪ್ರತಿಶತ! ಆಮೇಲೆ 2024ರಲ್ಲಿ 0.00551, 2025ರಲ್ಲಿ 1.74. ಈ ಸೂಚ್ಯಂಕದೊಳಗೆ ಕಲ್ಲಿದ್ದಲು, ಉಕ್ಕು, ಡೀಸೆಲ್, ಈರುಳ್ಳಿ ಎಲ್ಲಾ ಇರುತ್ತದೆ. ಯುದ್ಧ ಆಗಿ ಎಣ್ಣೆ ಬೆಲೆ ಏರಿದರೆ ಅಮ್ಮನ ಬಿಪಿ ಮಾತ್ರೆಯೂ ಏರುತ್ತದೆ. ಮಾತ್ರೆ ಮಾಡುವ ಖರ್ಚು ನಿಜವಾಗಿ ಅಷ್ಟು ಏರಿತಾ ಅಂತ ಯಾರೂ ಕೇಳುವುದಿಲ್ಲ.

ಇನ್ನು ಎರಡನೇ ಸ್ಟ್ರಿಪ್, ಶುಗರ್ ಮಾತ್ರೆ. ಇದರಲ್ಲಿ ಎರಡು ಔಷಧ ಒಟ್ಟಿಗೆ ಇದೆ, ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್. ಬಿಡಿಬಿಡಿಯಾಗಿ ಎರಡೂ ಅಗತ್ಯ ಔಷಧಗಳ ಪಟ್ಟಿಯಲ್ಲಿವೆ. ಎರಡಕ್ಕೂ ಗರಿಷ್ಠ ಬೆಲೆ ಇದೆ. ಆದರೆ ಎರಡನ್ನೂ ಸೇರಿಸಿ ಒಂದೇ ಮಾತ್ರೆ ಮಾಡಿದ ಕೂಡಲೇ ಅದು ಪಟ್ಟಿಯಿಂದ ಆಚೆ. ಯಾಕೆಂದರೆ ಪಟ್ಟಿಯಲ್ಲಿ ಔಷಧದ ಹೆಸರು ಮಾತ್ರ ಅಲ್ಲ, ಎಷ್ಟು ಮಿಲಿಗ್ರಾಂ, ಮಾತ್ರೆಯೋ ಸಿರಪ್ಪೋ ಇಂಜೆಕ್ಷನ್ನೋ, ಎಲ್ಲಾ ಬರೆದಿರುತ್ತದೆ. ಅಷ್ಟಕ್ಕೆ ಮಾತ್ರ ನಿಯಂತ್ರಣ.

ಆಚೆ ಇದ್ದವುಗಳಿಗೆ ಇರುವ ನಿಯಮ ಒಂದೇ. 12 ತಿಂಗಳಲ್ಲಿ 10 ಪ್ರತಿಶತಕ್ಕಿಂತ ಜಾಸ್ತಿ ಏರಿಸಬಾರದು. ಶುರುವಿನ ಬೆಲೆ ಎಷ್ಟು ಇಟ್ಟೆ ಅಂತ ಕೇಳುವವರಿಲ್ಲ. 2013ರ ಆದೇಶದಲ್ಲಿ ಒಂದು ಕಡೆ ಮಾತ್ರ ಸ್ವಲ್ಪ ಬಿಗಿ ಮಾಡಿದ್ದಾರೆ: ಪಟ್ಟಿಯಲ್ಲಿರುವ ಔಷಧ ತಯಾರಿಸುತ್ತಿರುವ ಕಂಪನಿ ಅದಕ್ಕೆ ಇನ್ನೇನೋ ಸೇರಿಸಿ ಹೊಸ ಮಾತ್ರೆ ತಂದರೆ ಎನ್‌ಪಿಪಿಎಯಿಂದ ಬೆಲೆ ಒಪ್ಪಿಗೆ ಪಡೆಯಬೇಕು. ಎನ್‌ಪಿಪಿಎ ಸಭೆ ಆದಾಗಲೆಲ್ಲ ಪೇಪರಿನಲ್ಲಿ ‘ಇಷ್ಟು ಔಷಧಗಳ ಬೆಲೆ ನಿಗದಿ’ ಅಂತ ಸುದ್ದಿ ಬರುತ್ತದಲ್ಲ, ಅದರಲ್ಲಿ ಬಹಳಷ್ಟು ಈ ಬಗೆಯವು. ಬೆಲೆ ಇಳಿಯಿತು ಅಂತ ಓದಿದವರಿಗೆ ಖುಷಿ ಆಗುತ್ತದೆ. ಅದು ಇಳಿಕೆ ಅಲ್ಲ, ಹೊಸ ಮಾತ್ರೆಗೆ ಮೊದಲ ಸಲ ಬೆಲೆ ಕಟ್ಟಿದ್ದು ಅಷ್ಟೇ. ಆ ಬೆಲೆಗೂ ಆಧಾರ ಸಾಮಾನ್ಯವಾಗಿ ಮಾರುಕಟ್ಟೆಯಲ್ಲಿ ಆಗಲೇ ಇರುವ ಅಂಥದೇ ಮಾತ್ರೆಗಳ ಸರಾಸರಿ.

ಒಟ್ಟು ನೋಡಿದರೆ ದೇಶದ ಔಷಧ ವ್ಯಾಪಾರದಲ್ಲಿ ಗರಿಷ್ಠ ಬೆಲೆಯ ಹಿಡಿತಕ್ಕೆ ಬಂದಿರುವುದು ಸುಮಾರು ಐದನೇ ಒಂದು ಭಾಗ, ಅಷ್ಟೇ. ಮಿಕ್ಕಿದ್ದೆಲ್ಲ ವರ್ಷಕ್ಕೆ 10 ಪ್ರತಿಶತದ ಲೆಕ್ಕದಲ್ಲಿ ನಡೆಯುತ್ತಿದೆ. ಡಾಕ್ಟರಿಗೆ ಹೇಗೂ ಎರಡು ಮಾತ್ರೆಯ ಬದಲು ಒಂದು ಬರೆಯುವುದು ಸುಲಭ, ರೋಗಿಗೂ ನುಂಗಲು ಸುಲಭ. ಅದು ತಪ್ಪಲ್ಲ. ಆದರೆ ಈ ಸುಲಭದಿಂದ ಕಂಪನಿಗೂ ಲಾಭ ಆಗುತ್ತದೆ ಅನ್ನುವುದು ಚೀಟಿ ಬರೆಯುವಾಗ ಯಾರ ತಲೆಯಲ್ಲೂ ಇರುವುದಿಲ್ಲ.

ಮೂರನೇ ಸ್ಟ್ರಿಪ್ಪಿನ ಹಿಂದೆ ನೋಡಿದರೆ ಔಷಧ ಲೈಸೆನ್ಸ್ ನಂಬರೇ ಇಲ್ಲ. ಎಫ್ಎಸ್ಎಸ್ಎಐ ನಂಬರ್ ಇದೆ, ಬಿಸ್ಕೆಟ್ ಪೊಟ್ಟಣದ ಮೇಲೆ ಇರುತ್ತದಲ್ಲ, ಅದೇ. ಅಂದರೆ ಇದು ಆಹಾರ. ಮಾತ್ರೆಯ ಹಾಗೆ ಕಾಣುತ್ತದೆ, ಮಾತ್ರೆಯ ಹಾಗೆ ಸ್ಟ್ರಿಪ್ಪಲ್ಲಿ ಬರುತ್ತದೆ, ಡಾಕ್ಟರ್ ಚೀಟಿಯಲ್ಲಿ ಬರೆದಿದ್ದಾರೆ, ಆದರೆ ಕಾನೂನಿಗೆ ಅದು ಪೂರಕ ಆಹಾರ. ಎನ್‌ಪಿಪಿಎಗೆ ಅದರ ಮೇಲೆ ಅಧಿಕಾರವೇ ಇಲ್ಲ. ಒಂದು ಮಾತ್ರೆಗೆ 20 ರೂಪಾಯಿ ಇಡಲಿ, 50 ಇಡಲಿ, ಕೇಳುವ ಹಾಗಿಲ್ಲ. ಬೆಲೆ ನಿಯಂತ್ರಣ ಒಂದು ಕಡೆ ಬಿಗಿಯಾದರೆ ವ್ಯಾಪಾರ ಇನ್ನೊಂದು ಕಡೆಯಿಂದ ಜಾರಿ ಹೋಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸರಳ ಸಾಕ್ಷಿ ಬೇಕಿಲ್ಲ.

ಇಷ್ಟೆಲ್ಲ ಆಗುವುದಕ್ಕೆ ಮೂಲ ಕಾರಣ ಒಂದೇ ಅಂತ ನನಗೆ ಅನಿಸುತ್ತದೆ. ಔಷಧದ ವಿಷಯದಲ್ಲಿ ಆರಿಸುವವನು ಒಬ್ಬ, ದುಡ್ಡು ಕೊಡುವವನು ಇನ್ನೊಬ್ಬ. ಸೋಪು ಕೊಳ್ಳುವಾಗ ದುಬಾರಿ ಅನಿಸಿದರೆ ಪಕ್ಕದ್ದು ತೆಗೆದುಕೊಳ್ಳುತ್ತೇವೆ. ಮಾತ್ರೆ ಹಾಗಲ್ಲ. ಡಾಕ್ಟರ್ ಬ್ರ್ಯಾಂಡ್ ಹೆಸರು ಬರೆದರೆ ಅಂಗಡಿಯವನು ಅದನ್ನೇ ಕೊಡಬೇಕು. ಒಳಗೆ ಅದೇ ಔಷಧ ಇದ್ದರೂ ಬೇರೆ ಕಂಪನಿಯದು ಕೊಡುವ ಹಾಗಿಲ್ಲ ಅಂತ ಔಷಧ ನಿಯಮ 65ರಲ್ಲಿ ಸ್ಪಷ್ಟವಾಗಿ ಬರೆದಿದೆ. 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಡಾಕ್ಟರು ಜನರಿಕ್ ಹೆಸರಲ್ಲೇ, ಅಂದರೆ ಬ್ರ್ಯಾಂಡ್ ಬದಲು ಒಳಗಿನ ಔಷಧದ ಹೆಸರಲ್ಲೇ, ಬರೆಯಬೇಕು ಅಂತ ನಿಯಮ ತಂದಿತು. ವೈದ್ಯರ ಸಂಘಗಳು ಎದ್ದು ನಿಂತವು, ಅದೇ ತಿಂಗಳಲ್ಲಿ ಅದನ್ನು ತಡೆಹಿಡಿದರು. ಹೀಗಾಗಿ ಕಂಪನಿಗಳು ಬೆಲೆಯಲ್ಲಿ ಪೈಪೋಟಿ ಮಾಡಬೇಕಾದ ಅಗತ್ಯವೇ ಇಲ್ಲ. ಪೈಪೋಟಿ ನಡೆಯುವುದು ಡಾಕ್ಟರ ಕೋಣೆಯ ಹೊರಗೆ, ಬ್ಯಾಗು ಹಿಡಿದು ಕಾಯುವ ಮೆಡಿಕಲ್ ರೆಪ್‌ಗಳ ಬೆಂಚಿನ ಮೇಲೆ. ಡಾಕ್ಟರಿಗೆ ಕೊಡುವ ಉಡುಗೊರೆಯನ್ನು ವ್ಯಾಪಾರದ ಖರ್ಚು ಅಂತ ತೋರಿಸಿ ತೆರಿಗೆ ಉಳಿಸುವ ಹಾಗಿಲ್ಲ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಹೇಳಬೇಕಾಯಿತು ಅಂದರೆ ಅಲ್ಲಿವರೆಗೆ ಏನು ನಡೆಯುತ್ತಿತ್ತು ಅಂತ ಯೋಚನೆ ಮಾಡಿ.

ಅಂಗಡಿಯ ಮಟ್ಟದಲ್ಲೂ ಒಂದು ವಿಚಿತ್ರ ಇದೆ. ‘ಜನರಿಕ್ ಮೇಲೆ 80 ಪ್ರತಿಶತದವರೆಗೆ ರಿಯಾಯಿತಿ’ ಅಂತ ಬೋರ್ಡ್ ನೋಡಿರುತ್ತೀರಿ. 100 ರೂಪಾಯಿ ಅಂತ ಮುದ್ರಿಸಿದ ಸ್ಟ್ರಿಪ್ಪನ್ನು 20ಕ್ಕೆ ಕೊಟ್ಟೂ ಅಂಗಡಿಯವನಿಗೆ ಲಾಭ ಬರುತ್ತದೆ ಅಂದರೆ ಅವನಿಗೆ ಅದು ಬಂದದ್ದು 20ಕ್ಕಿಂತ ಕಡಿಮೆಗೆ. ಕಂಪನಿಯವರು ರೆಪ್ ಕಳಿಸದೆ, ಡಾಕ್ಟರ ಹತ್ತಿರ ಹೋಗದೆ, ನೇರ ಅಂಗಡಿಗೆ ಹಾಕುವ ಮಾಲು ಇದು. ಎಂಆರ್‌ಪಿ ದೊಡ್ಡದಾಗಿ ಮುದ್ರಿಸಿ ನಡುವಿನ ಅಂತರವನ್ನು ಅಂಗಡಿಯವನಿಗೆ ಬಿಡುತ್ತಾರೆ. ಅವನು ಒಳ್ಳೆಯವನಾದರೆ ನಮಗೆ ರಿಯಾಯಿತಿ. ಇಲ್ಲದಿದ್ದರೆ ಪೂರ್ತಿ 100. ಎರಡೂ ಕಾನೂನುಬದ್ಧವೇ, ಯಾಕೆಂದರೆ ಎಂಆರ್‌ಪಿ ದಾಟಿಲ್ಲವಲ್ಲ!

ಸರ್ಕಾರ ಮನಸ್ಸು ಮಾಡಿದಾಗ ಏನಾಗುತ್ತದೆ ಅನ್ನುವುದಕ್ಕೆ ಹೃದಯದ ಸ್ಟೆಂಟ್ ಕತೆ ನೋಡಬೇಕು, ಕಟ್ಟಿಕೊಂಡ ರಕ್ತನಾಳ ತೆರೆದಿಡಲು ಒಳಗೆ ಹಾಕುವ ಸಣ್ಣ ಕೊಳವೆ ಅದು. 2017ರ ಫೆಬ್ರವರಿವರೆಗೆ ಔಷಧ ಲೇಪಿತ ಸ್ಟೆಂಟ್ ಒಂದಕ್ಕೆ ಲಕ್ಷ ರೂಪಾಯಿ ದಾಟುವುದು ಮಾಮೂಲಿ ಆಗಿತ್ತು. ಎನ್‌ಪಿಪಿಎ ಪ್ರತಿ ಹಂತದಲ್ಲಿ ಯಾರು ಎಷ್ಟು ತೆಗೆದುಕೊಳ್ಳುತ್ತಾರೆ ಅಂತ ಲೆಕ್ಕ ಹಾಕಿ ಹೊರಗಿಟ್ಟಿತು. ಅತಿ ಹೆಚ್ಚು ಲಾಭ ತಯಾರಕನದೂ ಅಲ್ಲ, ಆಮದು ಮಾಡುವವನದೂ ಅಲ್ಲ, ಆಸ್ಪತ್ರೆಯದು. ಕೆಲವು ಕಡೆ 650 ಪ್ರತಿಶತ ದಾಟಿತ್ತು. ಸ್ಟೆಂಟ್ ಹಾಕಬೇಕು ಅಂತ ಹೇಳುವವರು, ಯಾವುದು ಅಂತ ಆರಿಸುವವರು, ಮಾರುವವರು, ಮೂರೂ ಒಂದೇ ಕಟ್ಟಡದಲ್ಲಿ. ರೋಗಿಯ ಕಡೆಯವರು ಎದೆನೋವಿನ ಮಧ್ಯೆ ಸಹಿ ಹಾಕುತ್ತಾರೆ, ಅಷ್ಟೇ. ಎನ್‌ಪಿಪಿಎ ಔಷಧ ಲೇಪಿತ ಸ್ಟೆಂಟಿಗೆ 29,600 ರೂಪಾಯಿ, ಬರಿ ಲೋಹದ ಸ್ಟೆಂಟಿಗೆ 7,260 ರೂಪಾಯಿ ಮಿತಿ ಹಾಕಿತು. ರಾತ್ರಿ ಕಳೆಯುವುದರೊಳಗೆ ಬೆಲೆ ಕುಸಿಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಮಂಡಿ ಚಿಪ್ಪಿನ ಇಂಪ್ಲಾಂಟ್‌ಗಳಿಗೂ ಮಿತಿ ಬಂತು.

ಆದರೆ ಆಪರೇಷನ್ನಿನ ಬಿಲ್ ಅಷ್ಟೇ ಕುಸಿಯಿತಾ? ಎಲ್ಲಾ ಕಡೆ ಇಲ್ಲ. ಸ್ಟೆಂಟಿನ ಸಾಲಿನಲ್ಲಿ ಕಳೆದುಕೊಂಡದ್ದನ್ನು ಆಸ್ಪತ್ರೆಗಳು ಪ್ಯಾಕೇಜಿನ ಬೇರೆ ಸಾಲುಗಳಲ್ಲಿ ಸೇರಿಸಿದವು ಅನ್ನುವ ದೂರು ಬಂತು. ಬಲೂನು, ಕ್ಯಾಥೆಟರ್, ರೂಮ್, ‘ಇತರೆ’. ಒಂದು ವಸ್ತುವಿನ ಬೆಲೆ ಹಿಡಿದರೆ ಅದು ಬಿಲ್ಲಿನ ಬೇರೆ ಸಾಲಿಗೆ ಓಡುತ್ತದೆ. 2018ರಲ್ಲಿ ದೆಹಲಿ ಸುತ್ತಮುತ್ತಲಿನ ನಾಲ್ಕು ಖಾಸಗಿ ಆಸ್ಪತ್ರೆಗಳ ಬಿಲ್ಲು ನೋಡಿದ ಎನ್‌ಪಿಪಿಎಗೆ ಸಿರಿಂಜು, ಡ್ರಿಪ್ ಸೆಟ್‌ನಂಥ ಸಣ್ಣ ಸಾಮಾನುಗಳ ಮೇಲೆ 1,737 ಪ್ರತಿಶತದವರೆಗೂ ಲಾಭ ಕಂಡಿತು.

ಬೆಲೆ ಇಳಿಸಿದಷ್ಟೂ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಇನ್ನೊಂದು ತುದಿಯೂ ಇದೆ. ಪೆನಿಸಿಲಿನ್ ಇಂಜೆಕ್ಷನ್ ನೋಡಿ. ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟ ಹಾಳಾಗುವ ಮಕ್ಕಳಿಗೆ ಮೂರು ನಾಲ್ಕು ವಾರಕ್ಕೊಮ್ಮೆ ಅದನ್ನು ಕೊಡುತ್ತಾರೆ, ವರ್ಷಗಟ್ಟಲೆ. ಬಹಳ ಅಗ್ಗದ ಔಷಧ. ಎಷ್ಟು ಅಗ್ಗ ಅಂದರೆ ಮಾಡಲು ಕಂಪನಿಗಳಿಗೆ ಮನಸ್ಸೇ ಇಲ್ಲ. ಕಚ್ಚಾ ಮಾಲಿಗೆ ಚೀನಾ ಕಡೆ ನೋಡಬೇಕು, ಅಲ್ಲಿ ಬೆಲೆ ಏರಿದರೆ ಇಲ್ಲಿ ಮಿತಿಯೊಳಗೆ ಮಾರಲು ಆಗುವುದಿಲ್ಲ. ಔಷಧ ಅಂಗಡಿಯಿಂದಲೇ ಮಾಯವಾದರೆ ಅಗ್ಗದ ಬೆಲೆ ಇಟ್ಟುಕೊಂಡು ಏನು ಮಾಡುವುದು? ಅದಕ್ಕೇ ಎನ್‌ಪಿಪಿಎ 2019ರಲ್ಲಿ ಹಲವು ಔಷಧಗಳ, 2024ರ ಅಕ್ಟೋಬರ್‌ನಲ್ಲಿ ಇನ್ನೂ 8 ಔಷಧಗಳ ಗರಿಷ್ಠ ಬೆಲೆಯನ್ನು ಒಂದೇ ಸಲಕ್ಕೆ 50 ಪ್ರತಿಶತ ಏರಿಸಿತು. ಪೆನಿಸಿಲಿನ್, ಉಬ್ಬಸದ ಸಾಲ್ಬುಟಮಾಲ್, ಮನೋರೋಗದ ಲಿಥಿಯಂ, ಕ್ಷಯದ ಸ್ಟ್ರೆಪ್ಟೊಮೈಸಿನ್, ಇಂಥವು. ಆಗ ಸುಮಾರು ಜನ ಸರ್ಕಾರವನ್ನು ಬೈದರು. ನನಗೆ ಅದು ಸರಿಯಾದ ನಿರ್ಧಾರ ಅನಿಸಿತು, ಈಗಲೂ ಅನಿಸುತ್ತದೆ. ಅದೇ ಔಷಧಗಳಿಗೆ ಮೊದಲೇ ಖರ್ಚು ನೋಡಿ ಬೆಲೆ ಕಟ್ಟಿದ್ದರೆ ಇಷ್ಟು ದೊಡ್ಡ ಏಟು ಬೀಳುತ್ತಿರಲಿಲ್ಲ.

ಹೊರದೇಶಗಳಲ್ಲಿ ಹೇಗೆ ಅಂತ ಒಂದು ಮಾತು. ಜರ್ಮನಿಯಲ್ಲಿ 1989ರಿಂದ ಒಂದೇ ಬಗೆಯ ಔಷಧಗಳನ್ನು ಗುಂಪು ಮಾಡಿ, ವಿಮೆ ಇಷ್ಟೇ ಕೊಡುತ್ತದೆ ಅಂತ ಒಂದು ಗೆರೆ ಎಳೆಯುತ್ತಾರೆ. ಗೆರೆಗಿಂತ ಜಾಸ್ತಿ ಇಟ್ಟವನು ಗಿರಾಕಿ ಕಳೆದುಕೊಳ್ಳುತ್ತಾನೆ. ಬ್ರಿಟನ್ನಿನಲ್ಲಿ ನೈಸ್ ಅನ್ನುವ ಸಂಸ್ಥೆ ಹೊಸ ಔಷಧದಿಂದ ರೋಗಿಗೆ ಎಷ್ಟು ಆರೋಗ್ಯದ ವರ್ಷ ಸಿಗುತ್ತದೆ, ಅದಕ್ಕೆ ಈ ಬೆಲೆ ಸರಿಯೇ ಅಂತ ಅಳೆಯುತ್ತದೆ. ಅಮೆರಿಕದಲ್ಲಿ ವಯಸ್ಸಾದವರ ಮೆಡಿಕೇರ್ ಯೋಜನೆಗೆ ಕಂಪನಿಗಳ ಜೊತೆ ಚೌಕಾಸಿ ಮಾಡುವ ಹಾಗೇ ಇಲ್ಲ ಅಂತ 2003ರಲ್ಲಿ ಕಾನೂನು ಮಾಡಿದ್ದರು. 2022ರಲ್ಲಿ ಅದನ್ನು ಸಡಿಲಿಸಿ, ಮೊದಲ 10 ಔಷಧಗಳಿಗೆ ಚೌಕಾಸಿ ಮಾಡಿದ ಬೆಲೆ 2026ರ ಜನವರಿ 1ರಿಂದ ಜಾರಿ ಅಂತ ಮಾಡಿದರು. ದಾರಿ ಬೇರೆ ಬೇರೆ. ಆದರೆ ಮೂರೂ ಕಡೆ ಕಂಪನಿಯ ಎದುರು ಕೂತಿರುವುದು ಒಬ್ಬ ದೊಡ್ಡ ಗಿರಾಕಿ. ನಮ್ಮಲ್ಲಿ ಕಂಪನಿಯ ಎದುರು ನಿಂತಿರುವುದು 20 ರೂಪಾಯಿ ಹಿಡಿದ ಅಮ್ಮ. 2021-22ರ ರಾಷ್ಟ್ರೀಯ ಆರೋಗ್ಯ ಲೆಕ್ಕದ ಪ್ರಕಾರ ದೇಶದ ಒಟ್ಟು ಆರೋಗ್ಯ ಖರ್ಚಿನಲ್ಲಿ 39.4 ಪ್ರತಿಶತ ಜನರ ಜೇಬಿಂದಲೇ ಹೋಗುತ್ತಿದೆ. 2013-14ರಲ್ಲಿ ಇದು 64.2 ಇತ್ತು. ಕಡಿಮೆಯಾಗಿದೆ, ನಿಜ. ಆದರೆ ಆಸ್ಪತ್ರೆಗೆ ಸೇರಿದರೆ ಸರ್ಕಾರಿ ವಿಮಾ ಕಾರ್ಡು ನೆರವಿಗೆ ಬರುತ್ತದೆ, ದಿನಾ ನುಂಗುವ ಮಾತ್ರೆಗೆ ಬರುವುದಿಲ್ಲ.

ನಮ್ಮಲ್ಲೂ ದೊಡ್ಡ ಗಿರಾಕಿ ಆಗಿ ತೋರಿಸಿದವರು ಇದ್ದಾರೆ, ದೂರ ಹೋಗಬೇಕಿಲ್ಲ. ತಮಿಳುನಾಡು 1994ರಲ್ಲಿ ವೈದ್ಯಕೀಯ ಸೇವಾ ನಿಗಮ ಅಂತ ಮಾಡಿತು. ರಾಜ್ಯದ ಎಲ್ಲಾ ಸರ್ಕಾರಿ ಆಸ್ಪತ್ರೆಗೂ ಬೇಕಾದ ಔಷಧವನ್ನು ಒಂದೇ ಟೆಂಡರಿನಲ್ಲಿ, ಬ್ರ್ಯಾಂಡ್ ಹೆಸರಿಲ್ಲದೆ ಕೊಳ್ಳುತ್ತದೆ. ಜಿಲ್ಲೆಗಳಲ್ಲಿ ಗೋಡೌನ್, ಪ್ರತಿ ಆಸ್ಪತ್ರೆಗೂ ಬ್ಯಾಂಕ್ ಪಾಸ್‌ಬುಕ್ಕಿನ ಹಾಗೆ ಒಂದು ಪುಸ್ತಕ. ವರ್ಷಕ್ಕೆ ಇಷ್ಟು ರೂಪಾಯಿ ಅಂತ ಇರುತ್ತದೆ, ಔಷಧ ತೆಗೆದುಕೊಂಡ ಹಾಗೆಲ್ಲ ಅದರಲ್ಲಿ ಕಳೆಯುತ್ತಾರೆ. ಬಂದ ಮಾಲನ್ನು ಲ್ಯಾಬಿಗೆ ಕಳಿಸಿ ಪಾಸಾದ ಮೇಲೆಯೇ ಹಂಚುತ್ತಾರೆ. ರಾಜಸ್ಥಾನ ಇದೇ ದಾರಿಯಲ್ಲಿ 2011ರ ಅಕ್ಟೋಬರ್ 2ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಔಷಧ ಕೊಡಲು ಶುರು ಮಾಡಿತು. ಇಂಥ ಟೆಂಡರಿನಲ್ಲಿ ಸಿಗುವ ಬೆಲೆ ಎಷ್ಟೋ ಮಾತ್ರೆಗಳಿಗೆ ಅಂಗಡಿ ಬೆಲೆಯ ಹತ್ತನೇ ಒಂದು ಭಾಗ ಇರುತ್ತದೆ. ಯಾವ ನಿಯಂತ್ರಣ ಆದೇಶವೂ ಇಷ್ಟು ಇಳಿಸಿಲ್ಲ.

ನಮ್ಮ ರಾಜ್ಯದಲ್ಲೂ ಔಷಧ ಕೊಳ್ಳುವ ನಿಗಮ ಇದೆ. ಆದರೆ ಅದರ ನೆನಪು ಬಂದರೆ ಬಳ್ಳಾರಿ ನೆನಪಾಗುತ್ತದೆ. 2024ರ ಕೊನೆಯಲ್ಲಿ ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಐವರು ತಾಯಂದಿರು ತೀರಿಕೊಂಡರು. ಅವರಿಗೆ ಹಾಕಿದ ರಿಂಗರ್ ಲ್ಯಾಕ್ಟೇಟ್ ಡ್ರಿಪ್ ಮೇಲೆ ಅನುಮಾನ ಬಂತು. ಪೂರೈಸಿದ ಕಂಪನಿಯನ್ನು ಸರ್ಕಾರ ಕಪ್ಪುಪಟ್ಟಿಗೆ ಹಾಕಿತು. ಹಸುಗೂಸು ಬಿಟ್ಟು ಹೋದ ಮನೆಗಳಿಗೆ ಅದರಿಂದ ಏನೂ ವಾಪಸ್ ಬರಲಿಲ್ಲ. ಕಡಿಮೆ ಬೆಲೆಗೆ ಕೊಳ್ಳುವುದು ಅರ್ಧ ಕೆಲಸ, ಬಂದದ್ದನ್ನು ಪರೀಕ್ಷೆ ಮಾಡುವುದು ಇನ್ನರ್ಧ. ಆ ಇನ್ನರ್ಧಕ್ಕೆ ಲ್ಯಾಬು, ಸಿಬ್ಬಂದಿ, ದುಡ್ಡು ಬೇಕು. ಬೆಲೆ ಬಗ್ಗೆ ಮಾತಾಡುವ ನಾವೆಲ್ಲ ಈ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು.

2025ರಲ್ಲಿ ನಡೆದ ಜನೌಷಧಿ ಜಗಳವೂ ಇದಕ್ಕೇ ಸಂಬಂಧಪಟ್ಟದ್ದು. ಜನೌಷಧಿ ಅಂದರೆ ಕೇಂದ್ರ ಸರ್ಕಾರದ ಯೋಜನೆಯಲ್ಲಿ ಜನರಿಕ್ ಔಷಧವನ್ನು ಅಗ್ಗಕ್ಕೆ ಮಾರುವ ಅಂಗಡಿ. ಸರ್ಕಾರಿ ಆಸ್ಪತ್ರೆಗಳ ಆವರಣದಲ್ಲಿರುವ ಜನೌಷಧಿ ಕೇಂದ್ರ ಮುಚ್ಚಿ ಅಂತ ರಾಜ್ಯ ಸರ್ಕಾರ ಹೇಳಿತು, ವಿಷಯ ಹೈಕೋರ್ಟಿಗೆ ಹೋಯಿತು. ಸರ್ಕಾರದ ವಾದ: ನಮ್ಮ ಆಸ್ಪತ್ರೆಯಲ್ಲಿ ಔಷಧ ಉಚಿತವಾಗಿಯೇ ಸಿಗಬೇಕು, ಮಾರುವ ಅಂಗಡಿ ಯಾಕೆ? ವಾದ ಸರಿ ಇದೆ. ಆದರೆ ಉಚಿತ ಕೌಂಟರಿನಲ್ಲಿ ‘ಸ್ಟಾಕ್ ಇಲ್ಲ, ಹೊರಗೆ ತಗೊಳ್ಳಿ’ ಅಂತ ಕೇಳಿಸಿಕೊಂಡು ಬಂದವರಿಗೆ ಪಕ್ಕದಲ್ಲೇ ಅಗ್ಗದ ಅಂಗಡಿ ಇರುವುದು ದೊಡ್ಡ ಆಸರೆ. ಮೊದಲು ಕೌಂಟರ್ ತುಂಬಿಸಬೇಕು, ಆಮೇಲೆ ಮುಚ್ಚುವ ಮಾತು.

ಪೇಟೆಂಟ್ ಇರುವ ಹೊಸ ಔಷಧಗಳದ್ದು ಬೇರೆಯೇ ಲೋಕ. ಅಲ್ಲಿ ಬೆಲೆ ನಿಯಂತ್ರಣ ಹೆಚ್ಚು ಕೆಲಸ ಮಾಡಿಲ್ಲ, ಪೇಟೆಂಟ್ ಕಾನೂನು ಮಾಡಿದೆ. 2012ರಲ್ಲಿ ಸೊರಾಫೆನಿಬ್ ಅನ್ನುವ ಕ್ಯಾನ್ಸರ್ ಔಷಧಕ್ಕೆ ಸರ್ಕಾರ ಕಡ್ಡಾಯ ಪರವಾನಗಿ ಕೊಟ್ಟಾಗ, ಅಂದರೆ ಪೇಟೆಂಟ್ ಇದ್ದರೂ ಬೇರೆ ಕಂಪನಿ ಮಾಡಿ ಮಾರಬಹುದು ಅಂದಾಗ, ತಿಂಗಳಿಗೆ 2 ಲಕ್ಷ 80 ಸಾವಿರ ಇದ್ದದ್ದು 8,880ಕ್ಕೆ ಬಂತು. ಅಂಥ ಪರವಾನಗಿ ಆಮೇಲೆ ಇನ್ನೊಂದು ಕೊಟ್ಟಿಲ್ಲ. 2025ರ ಅಕ್ಟೋಬರ್‌ನಲ್ಲಿ ಮಕ್ಕಳ ಸ್ನಾಯು ಕ್ಷೀಣಿಸುವ ಕಾಯಿಲೆಯ ರಿಸ್ಡಿಪ್ಲಾಂ ಔಷಧದ ಜನರಿಕ್ ತಯಾರಿಗೆ ಕೋರ್ಟುಗಳು ಅಡ್ಡಿ ಮಾಡಲಿಲ್ಲ, ಆರು ಲಕ್ಷ ದಾಟಿದ್ದ ಬಾಟಲಿ 15,900ಕ್ಕೆ ಬಂತು. ಆ ಮಕ್ಕಳ ಅಪ್ಪ ಅಮ್ಮಂದಿರು ಅಲ್ಲಿವರೆಗೆ ಕ್ರೌಡ್ ಫಂಡಿಂಗ್ ಅಂತ ಫೋಟೊ ಹಾಕಿ ಕೈಚಾಚುತ್ತಿದ್ದರು. ಇದರ ಬಗ್ಗೆ ಬೇರೆಯೇ ಬರೆಯಬೇಕು, ಇಲ್ಲಿ ಜಾಗ ಸಾಲದು.

ಅಮ್ಮನ ವಿಷಯಕ್ಕೆ ವಾಪಸ್ ಬರುತ್ತೇನೆ. ಎನ್‌ಪಿಪಿಎಯ ‘ಫಾರ್ಮಾ ಸಹೀ ದಾಮ್’ ಅನ್ನುವ ಆ್ಯಪ್ ಇದೆ, ಬ್ರ್ಯಾಂಡ್ ಹೆಸರು ಹಾಕಿದರೆ ಅದೇ ಔಷಧದ ಬೇರೆ ಬ್ರ್ಯಾಂಡ್‌ಗಳ ಬೆಲೆ ತೋರಿಸುತ್ತದೆ. ಅದನ್ನು ನೋಡಿಕೊಂಡು ಡಾಕ್ಟರ ಹತ್ತಿರ ಹೋದೆ. ಕೇಳಲು ಸ್ವಲ್ಪ ಅಳುಕಿತ್ತು. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ವಿಟಮಿನ್ ಹೊಡೆದು ಹಾಕಿದರು, ‘ಬಿ12 ಟೆಸ್ಟ್ ಮಾಡಿಸಿ, ಕಡಿಮೆ ಇದ್ದರೆ ಕೊಡೋಣ’ ಅಂದರು. ಶುಗರ್ ಮಾತ್ರೆಯನ್ನು ಎರಡು ಬೇರೆ ಬೇರೆ ಮಾಡಿ, ಜನರಿಕ್ ಹೆಸರಲ್ಲಿ ಬರೆದುಕೊಟ್ಟರು. ಜನೌಷಧಿ ಕೇಂದ್ರಕ್ಕೆ ಹೋದೆ. ಟೆಲ್ಮಿಸಾರ್ಟನ್ ಹತ್ತು ಮಾತ್ರೆಯ ಒಂದು ಸ್ಟ್ರಿಪ್ಪಿಗೆ 20ರ ನೋಟು ಕೊಟ್ಟೆ, ಚಿಲ್ಲರೆ ವಾಪಸ್ ಬಂತು. ಅದೇ ಹತ್ತು ಮಾತ್ರೆಗೆ ಹೋದ ತಿಂಗಳು 70 ದಾಟಿತ್ತು.

ಅಮ್ಮ ಸ್ಟ್ರಿಪ್ ತಿರುಗಿಸಿ ತಿರುಗಿಸಿ ನೋಡಿದಳು. ‘ಇಷ್ಟು ಕಡಿಮೆಗೆ ಕೊಡ್ತಾರಲ್ಲ, ಇದು ಕೆಲಸ ಮಾಡುತ್ತಾ?’ ಅಂದಳು. ಬಳ್ಳಾರಿ ಸುದ್ದಿ ಟಿವಿಯಲ್ಲಿ ಅವಳೂ ನೋಡಿದ್ದಾಳೆ. ಮಾಡುತ್ತೆ ಅಂತ ಸುಮ್ನೆ ಹೇಳಲು ನನಗೆ ಮನಸ್ಸು ಬರಲಿಲ್ಲ. ಬಿಪಿ ಮಿಷನ್ ತಂದೆ, ದಿನಾ ಬೆಳಿಗ್ಗೆ ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯೋಣ ಅಂದೆ. ಮೂರು ವಾರ ಆಯಿತು, 130 ಆಸುಪಾಸಿನಲ್ಲೇ ಇದೆ. ಹಳೆಯ ಅಂಗಡಿಯ ಒಂದು ಸ್ಟ್ರಿಪ್ಪನ್ನು ಅವಳು ಇನ್ನೂ ಬೀರುವಿನಲ್ಲಿ ತೆಗೆದಿಟ್ಟಿದ್ದಾಳೆ.